ಅಪವರ್ತ್ಯ ಕಲಿಸಲು ಹಂಡ್ರೆಡ್ ಬೋರ್ಡ್: ಯಾವುದನ್ನು ಕೊಳ್ಳಬೇಕು, ಕೊಂಡ ಮೇಲೆ ಏನು ಮಾಡಬೇಕು

ಆಟಿಕೆ ಅಂಗಡಿಗಳಲ್ಲಿ, ಮಾಂಟೆಸೊರಿ ಸಾಮಗ್ರಿ ಮಾರುವವರಲ್ಲಿ, ಆನ್‌ಲೈನ್‌ನಲ್ಲಿ ಬೇರೆ ಬೇರೆ ಹೆಸರಿನಿಂದ ಸಿಗುವ ಹಂಡ್ರೆಡ್ ಬೋರ್ಡ್ ನೋಡಲು ತೀರಾ ಸರಳ. ಹತ್ತು ಅಡ್ಡಸಾಲು, ಹತ್ತು ಕಂಬಸಾಲು ಗೆರೆ ಹಾಕಿದ ಒಂದು ಚೌಕ ಹಲಗೆ, ಅದರ ಮನೆಗಳಲ್ಲಿ ಕೂರಿಸಲು 1ರಿಂದ 100ರವರೆಗಿನ ಬಿಡಿ ಬಿಲ್ಲೆಗಳು, ಅವನ್ನು ತುಂಬಿಡಲು ಒಂದು ಡಬ್ಬಿ. ಸ್ವಲ್ಪ ಹೆಚ್ಚು ಬೆಲೆಯ ಸೆಟ್‌ಗಳಲ್ಲಿ ಬಣ್ಣದ ಪಾರದರ್ಶಕ ಪ್ಲಾಸ್ಟಿಕ್ ಚಿಪ್‌ಗಳೂ ಭಾಜ್ಯತೆಯ ನಿಯಮಗಳ ಕಾರ್ಡುಗಳೂ ಇರುತ್ತವೆ. ಪೆಟ್ಟಿಗೆಯ ಮೇಲೆ ನರ್ಸರಿ ಮಕ್ಕಳ ಚಿತ್ರ ಹಾಕಿ, ಅಂಕಿ ಗುರುತಿಸುವ ಆಟವೆಂದು ಇದನ್ನು ಮಾರುತ್ತಾರೆ. ಯುಕೆಜಿ ಮುಗಿದ ಕೂಡಲೇ ಅದು ಅಟ್ಟ ಸೇರುತ್ತದೆ. ಆದರೆ ಈ ಹಲಗೆಯಿಂದ ಆಗಬೇಕಾದ ಕೆಲಸ ಶುರುವಾಗುವುದೇ ಮೂರನೇ ತರಗತಿಯ ನಂತರ, ಅಪವರ್ತ್ಯ ಅಂದರೇನು ಎಂಬ ಪ್ರಶ್ನೆ ಬಂದಾಗ (7ರ ಅಪವರ್ತ್ಯ ಅಂದರೆ 7ನ್ನು ಯಾವುದಾದರೂ ಪೂರ್ಣಸಂಖ್ಯೆಯಿಂದ ಗುಣಿಸಿದರೆ ಬರುವ ಸಂಖ್ಯೆ). ಇಲ್ಲಿ ಅದನ್ನು ಆ ಕೆಲಸಕ್ಕಾಗಿ ಮಾತ್ರ ಪರಿಶೀಲಿಸಿದೆ.

ಮಗ್ಗಿ ಬಾಯಿಪಾಠ ಬಂದ ಮಗುವಿಗೆ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಮಗ್ಗಿ ಬೇಕು, ಅದರ ಬದಲಿಗೆ ಇನ್ನೊಂದಿಲ್ಲ. ಆದರೆ ನಮ್ಮ ಮಗ್ಗಿ ‘ಏಳೊಂದ್ಲ ಏಳು’ ಎಂದು ಶುರುವಾಗಿ ‘ಏಳ್ಹತ್ಲ ಎಪ್ಪತ್ತು’ ಎಂದು ನಿಲ್ಲುತ್ತದೆ. ಹಾಗೆ ಕಲಿತ ಮಗುವಿಗೆ 7ರ ಅಪವರ್ತ್ಯಗಳು 70ಕ್ಕೆ ಮುಗಿದಂತೆಯೇ ಲೆಕ್ಕ. 77, 84, 91, 98 ನಾಲ್ಕೂ ಮಗ್ಗಿಯ ಹೊರಗೆ ಉಳಿಯುತ್ತವೆ. 3ರ ಮಗ್ಗಿಯಲ್ಲಂತೂ ನೂರರೊಳಗಿನ 33 ಅಪವರ್ತ್ಯಗಳ ಪೈಕಿ ಹತ್ತು ಮಾತ್ರ ಸಿಗುತ್ತವೆ. 51, 57, 87, 91 ಇವುಗಳನ್ನು ದೊಡ್ಡವರೂ ಅವಿಭಾಜ್ಯ ಸಂಖ್ಯೆ ಎಂದುಕೊಳ್ಳುವುದು ಈ ಕಾರಣಕ್ಕೆ: 3×17, 3×19, 3×29, 7×13 ಹತ್ತರವರೆಗಿನ ಯಾವ ಮಗ್ಗಿಯಲ್ಲೂ ಬಾಯಿಗೆ ಬಂದಿರುವುದಿಲ್ಲ. ಇನ್ನೊಂದು ತೊಡಕು, ಮಗ್ಗಿ ಒಂದೇ ದಿಕ್ಕಿನಲ್ಲಿ ಓಡುತ್ತದೆ. ಏಳೆಂಟ್ಲ ಎಷ್ಟು ಎಂದರೆ ಥಟ್ಟನೆ 56 ಎನ್ನುವ ಮಗು, 56 ಯಾವುದರ ಅಪವರ್ತ್ಯ ಎಂದರೆ ಮೊದಲಿನಿಂದ ಒಂದೊಂದೇ ಸಾಲು ಹೇಳಿಕೊಂಡು ಬರಬೇಕಾಗುತ್ತದೆ. ಸಂಖ್ಯೆಯನ್ನು ನೋಡಿದೊಡನೆ ಗುರುತಿಸುವ ಈ ಕೆಲಸವನ್ನೇ ಹಲಗೆ ಚೆನ್ನಾಗಿ ಕಲಿಸುತ್ತದೆ. ಒಳ್ಳೆಯ ಹಲಗೆಯಾದರೆ.

ಕೊಳ್ಳುವ ಮುನ್ನ ಮೊದಲು ನೋಡಬೇಕಾದದ್ದು ಹಲಗೆ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು. ಹೆಚ್ಚಿನವು 1ರಿಂದ 100, ಕೆಲವು ಮಾತ್ರ 0ಯಿಂದ 99. ಆಯ್ಕೆ ಇದ್ದರೆ ಅಪವರ್ತ್ಯದ ಕೆಲಸಕ್ಕೆ 0–99 ಹಲಗೆಯೇ ಮೇಲು. ಅದರಲ್ಲಿ ಒಂದು ಅಡ್ಡಸಾಲಿನ ಎಲ್ಲ ಸಂಖ್ಯೆಗಳಿಗೂ ಹತ್ತರ ಸ್ಥಾನದ ಅಂಕಿ ಒಂದೇ. 9, 18, 27 ಎಂದು ಹೊರಟ ಸಾಲು ಬಲಮೇಲಿನ ಮೂಲೆಯಿಂದ ಎಡಕೆಳಗಿನ ಮೂಲೆಯವರೆಗೆ ಎಲ್ಲೂ ತುಂಡಾಗದೆ 90ಕ್ಕೆ ಬಂದು ಮುಟ್ಟುತ್ತದೆ. 1–100 ಹಲಗೆಯಲ್ಲಿ ಅದೇ ಸಾಲು 81ಕ್ಕೆ ಎಡ ಅಂಚು ತಲುಪಿ, 90 ಅದೇ ಅಡ್ಡಸಾಲಿನ ಬಲ ತುದಿಗೆ ಹಾರಿಬಿಡುತ್ತದೆ. ಸೊನ್ನೆಯೂ ಎಲ್ಲ ಸಂಖ್ಯೆಗಳ ಅಪವರ್ತ್ಯ ಎಂಬುದು 0–99ರಲ್ಲಿ ಕಣ್ಣಿಗೇ ಕಾಣುತ್ತದೆ. ನೂರು ಇಲ್ಲದಿರುವುದು ಅದರ ಕೊರತೆ; 2, 4, 5, 10ರ ಕೊನೆಯ ಅಪವರ್ತ್ಯ ಹಲಗೆಯ ಹೊರಗೆ ಉಳಿಯುತ್ತದೆ. ಮುಂದೆ ಕೊಟ್ಟಿರುವ ಎಣಿಕೆಗಳೆಲ್ಲ ಹೆಚ್ಚು ಕಡೆ ಸಿಗುವ 1–100 ಹಲಗೆಗೆ ಸಂಬಂಧಿಸಿದವು.

ಎರಡನೆಯದು ಬಿಲ್ಲೆಗಳ ಅಚ್ಚು. 6 ಮತ್ತು 9ರ ಕೆಳಗೆ ಅಡಿಗೆರೆ ಇದೆಯೇ ನೋಡಿ. ಇಲ್ಲದಿದ್ದರೆ ತಲೆಕೆಳಗಾದ ಬಿಲ್ಲೆ ಇನ್ನೊಂದು ಸಂಖ್ಯೆಯಾಗಿಬಿಡುತ್ತದೆ: 6 ಮತ್ತು 9, 66 ಮತ್ತು 99, 68 ಮತ್ತು 89, 86 ಮತ್ತು 98. 1ನ್ನು ಬರೀ ಒಂದು ನೆಟ್ಟಗೆರೆಯಾಗಿ ಅಚ್ಚು ಹಾಕಿದ್ದರೆ ಇನ್ನೂ ಮೂರು ಜೋಡಿ ಸೇರುತ್ತವೆ: 16 ಮತ್ತು 91, 18 ಮತ್ತು 81, 19 ಮತ್ತು 61. ಇವುಗಳಲ್ಲಿ 18–81 ಜೋಡಿ ಬಹಳ ಕೆಟ್ಟದ್ದು. ಎರಡೂ 9ರ ಅಪವರ್ತ್ಯವಾದ್ದರಿಂದ ಮಗು ಅದಲುಬದಲು ಇಟ್ಟರೂ ತಪ್ಪು ಗೊತ್ತಾಗುವುದಿಲ್ಲ. ಅಡಿಗೆರೆ ಇಲ್ಲದ ಸೆಟ್ ಬಂದಿದ್ದರೆ ವಾಪಸು ಕಳಿಸಬೇಕೆಂದಿಲ್ಲ, ಪರ್ಮನೆಂಟ್ ಮಾರ್ಕರ್‌ನಲ್ಲಿ ಈ ಬಿಲ್ಲೆಗಳಿಗೆಲ್ಲ ಗೆರೆ ಎಳೆದರಾಯಿತು. ಸ್ಟಿಕ್ಕರ್ ಅಂಟಿಸಿದ ಬಿಲ್ಲೆಗಳಿಗಿಂತ ನೇರವಾಗಿ ಅಚ್ಚಾದವು ಬಾಳಿಕೆ ಬರುತ್ತವೆ. ಸ್ಟಿಕ್ಕರ್‌ನ ಮೂಲೆಯನ್ನು ಮಕ್ಕಳ ಉಗುರು ಬಿಡುವುದಿಲ್ಲ.

ಹಲಗೆ ಎಮ್‌ಡಿಎಫ್‌ನದ್ದಾದರೆ (ಮರದ ನಾರನ್ನು ಒತ್ತಿ ಮಾಡಿದ್ದು) ಮನೆಗೂ ಬಿಲ್ಲೆಗೂ ನಡುವೆ ಒಂದೆರಡು ಮಿಲಿಮೀಟರ್ ಸಡಿಲ ಬೇಕು. ಎಮ್‌ಡಿಎಫ್ ತೇವ ಹೀರಿ ಉಬ್ಬುತ್ತದೆ. ಬೇಸಿಗೆಯಲ್ಲಿ ಬಿಗಿಯಾಗಿ ಕೂರುತ್ತಿದ್ದ ಬಿಲ್ಲೆ ಕರಾವಳಿಯ, ಮಲೆನಾಡಿನ ಮಳೆಗಾಲದಲ್ಲಿ ಏಳುವುದೇ ಇಲ್ಲ. ಬಿಲ್ಲೆಯ ಬದಿ 2ರಿಂದ 2.5 ಸೆಂಟಿಮೀಟರ್ ಇದ್ದರೆ ಹಿಡಿಯಲು ಸಲೀಸು. ಅದಕ್ಕಿಂತ ಚಿಕ್ಕದಾದರೆ ಒಂದನ್ನು ಎತ್ತುವಾಗ ಪಕ್ಕದ ಮೂರು ಅಲುಗುತ್ತವೆ. ಬಿಲ್ಲೆಯ ಹಿಂಬದಿ ಖಾಲಿ ಇರಲಿ, ಅಲ್ಲೊಂದು ಪ್ರಾಣಿಯ ಚಿತ್ರ ಬೇಡ. ಕಾರಣ ಮುಂದೆ ಬರುತ್ತದೆ.

ಚಿಪ್‌ಗಳ ವಿಷಯದಲ್ಲಿ ಬಹುತೇಕ ಸೆಟ್‌ಗಳು ಎಡವುತ್ತವೆ. ನಾಲ್ಕು ಬಣ್ಣ, ಬಣ್ಣಕ್ಕೆ 25ರಂತೆ ಒಟ್ಟು ನೂರು ಎಂದು ಕೊಡುತ್ತಾರೆ. ಕೇಳಲು ಸಾಕಷ್ಟಿದೆ ಅನಿಸುತ್ತದೆ. ಆದರೆ ನೂರರೊಳಗೆ 2ರ ಅಪವರ್ತ್ಯಗಳು 50, 3ರವು 33, 4ರವು 25, 5ರವು 20, 6ರವು 16, 7ರವು 14, 8ರವು 12, 9ರವು 11, 10ರವು 10. ನೂರನ್ನು ಆ ಸಂಖ್ಯೆಯಿಂದ ಭಾಗಿಸಿ ಶೇಷ ಬಿಟ್ಟರೆ ಈ ಲೆಕ್ಕ ಸಿಗುತ್ತದೆ. ಬಣ್ಣಕ್ಕೆ 25 ಇದ್ದರೆ 3ರ ಸರದಿಯಲ್ಲಿ 75ಕ್ಕೆ ಚಿಪ್ ಮುಗಿದುಹೋಗುತ್ತದೆ, ಮಗು ಅಲ್ಲಿಗೇ 3ರ ಅಪವರ್ತ್ಯ ಮುಗಿಯಿತು ಎಂದುಕೊಳ್ಳುತ್ತದೆ. ಮಗ್ಗಿಯಿಂದ ಬಂದ ತಪ್ಪು ಕಲ್ಪನೆಯನ್ನು ಕಳೆಯಲು ತಂದ ಸಾಮಗ್ರಿಯೇ ಅದನ್ನು ಮತ್ತೆ ಗಟ್ಟಿ ಮಾಡಿದಂತೆ. ಎರಡು ಬಣ್ಣ, ತಲಾ 50 ಇರುವ ಸೆಟ್ ಸಿಕ್ಕರೆ ಕಣ್ಣುಮುಚ್ಚಿ ಕೊಳ್ಳಬಹುದು. ಚಿಪ್ ಪಾರದರ್ಶಕವಾಗಿರಲೇಬೇಕು, ಕೆಳಗಿನ ಸಂಖ್ಯೆ ಓದಲು ಬರದಿದ್ದರೆ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ. ಹಳದಿ ಮತ್ತು ತಿಳಿನೀಲಿ ಒಳ್ಳೆಯ ಜೋಡಿ: ಒಂದರ ಮೇಲೊಂದು ಇಟ್ಟರೆ ಹಸಿರು ಕಾಣುತ್ತದೆ, ಅಂಕಿಯೂ ಕಾಣುತ್ತದೆ. ಕೆಂಪು–ಹಸಿರು ಸೇರಿದರೆ ಕಪ್ಪಾಗಿ ಅಂಕಿ ಮುಚ್ಚಿಹೋಗುತ್ತದೆ.

ಇನ್ನು ಬಳಕೆ. 2, 5, 10 ಬೇಗ ಮುಗಿಯುತ್ತವೆ. 2ಕ್ಕೆ ಐದು ಕಂಬಸಾಲು, 5ಕ್ಕೆ ಎರಡು, 10ಕ್ಕೆ ಒಂದು. ಬಿಡಿ ಸ್ಥಾನದ ಅಂಕಿ ನೋಡಿದರೆ ಸಾಕು ಎಂಬ ನಿಯಮ ಇಲ್ಲಿ ತಾನಾಗಿ ಕಾಣುತ್ತದೆ, ಹೇಳಿಕೊಡುವ ಅಗತ್ಯವಿಲ್ಲ.

3ಕ್ಕೆ ಬಂದಾಗ ನಿಧಾನ ಮಾಡಿ. ಮಕ್ಕಳು 2 ಮತ್ತು 5ರ ಅನುಭವದಿಂದ, ಕೊನೆಯ ಅಂಕಿ 3, 6 ಅಥವಾ 9 ಇದ್ದರೆ 3ರ ಅಪವರ್ತ್ಯ ಎಂದು ತಾವೇ ಒಂದು ನಿಯಮ ಮಾಡಿಕೊಂಡಿರುತ್ತಾರೆ. ಚಿಪ್ ಇಡುತ್ತಾ ಹೋದರೆ 12, 15, 18, 21, 24 ಎಂದು ಹತ್ತೂ ಕಂಬಸಾಲುಗಳಲ್ಲಿ ಚಿಪ್ ಬೀಳುತ್ತದೆ. 13, 16, 19 ಖಾಲಿ ಉಳಿಯುತ್ತವೆ. ಆ ನಿಯಮ ಅಲ್ಲಿಗೆ ಬಿದ್ದುಹೋಗುತ್ತದೆ. ಬದಲಿಗೆ ಕಾಣುವುದು ಓರೆ ಸಾಲುಗಳು: 3, 12, 21 ಒಂದು; 6, 15, 24, 33, 42, 51 ಇನ್ನೊಂದು. ಒಂದು ಮನೆ ಕೆಳಗೆ, ಒಂದು ಮನೆ ಎಡಕ್ಕೆ ಹೋದರೆ 10 ಕೂಡಿಸಿ 1 ಕಳೆದಂತೆ, ಅಂದರೆ 9 ಕೂಡಿಸಿದಂತೆ. 9 ತಾನೇ 3ರ ಅಪವರ್ತ್ಯವಾದ್ದರಿಂದ 3ರ ಸಾಲಿನಿಂದ ಹೊರಗೆ ಬೀಳುವುದಿಲ್ಲ. ಹಾಗೆ ಇಳಿಯುವಾಗ ಹತ್ತರ ಸ್ಥಾನ ಒಂದು ಹೆಚ್ಚಾಗುತ್ತದೆ, ಬಿಡಿ ಸ್ಥಾನ ಒಂದು ಕಡಿಮೆಯಾಗುತ್ತದೆ, ಅಂಕಿಗಳ ಮೊತ್ತ ಬದಲಾಗುವುದಿಲ್ಲ. 6, 15, 24, 33, 42, 51 ಎಲ್ಲದರ ಅಂಕಿಗಳ ಮೊತ್ತವೂ 6. ಅಂಕಿಗಳನ್ನು ಕೂಡಿಸಿ ನೋಡುವ ನಿಯಮ ಎಲ್ಲಿಂದ ಬಂತು ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಾಧನ ಪ್ರಾಥಮಿಕ ತರಗತಿಯಲ್ಲಿ ಇನ್ನೊಂದಿಲ್ಲ. ಹಲಗೆಗೆ ಕೊಟ್ಟ ದುಡ್ಡು ಇಲ್ಲಿಗೇ ವಸೂಲಾಗುತ್ತದೆ.

7ರಲ್ಲಿ ಮಕ್ಕಳು ತಡವರಿಸುತ್ತಾರೆ. ಬಿಡಿ ಸ್ಥಾನದಲ್ಲಿ 7, 4, 1, 8, 5, 2, 9, 6, 3, 0 ಎಂದು ಹತ್ತೂ ಅಂಕಿಗಳು ಬರುವುದರಿಂದ ಕಂಬಸಾಲಿನ ಆಸರೆ ಇಲ್ಲ, ಓರೆ ಸಾಲೂ ನೇರವಾಗಿಲ್ಲ. ಒಂದು ಮನೆ ಕೆಳಗೆ ಮೂರು ಮನೆ ಎಡಕ್ಕೆ ಎಂಬುದು ಹೆಜ್ಜೆ: 7ರಿಂದ 14, 14ರಿಂದ 21. 21ರಲ್ಲಿ ಎಡ ಅಂಚು ಬಂದುಬಿಡುತ್ತದೆ. ಅಲ್ಲಿ ಅದೇ ಅಡ್ಡಸಾಲಿನಲ್ಲಿ ಬಲಕ್ಕೆ ಏಳು ಮನೆ ಹೋದರೆ 28. ಇದಕ್ಕಿಂತ ಚಂದದ ದಾರಿ ಚದುರಂಗದ ಕುದುರೆಯ ನಡೆ: ಎರಡು ಮನೆ ಕೆಳಗೆ, ಒಂದು ಮನೆ ಬಲಕ್ಕೆ. ಅಂದರೆ 21 ಕೂಡಿಸಿದಂತೆ. 7, 28, 49, 70 ಒಂದು ಓಟ. 14, 35, 56, 77, 98 ಇನ್ನೊಂದು. 21, 42, 63, 84 ಮತ್ತೊಂದು. ಉಳಿಯುವುದು 91 ಒಂದೇ. ಅದು 70ರಿಂದ ಅದೇ ನಡೆಯಲ್ಲಿ ಹಲಗೆಯ ಅಂಚು ದಾಟಿ ಎಡಬದಿಗೆ ಬಂದು ಕೂತಿದೆ.

ಎಣಿಕೆಯಲ್ಲಿ ಆಗುವ ತಪ್ಪು ಒಂದೇ ಬಗೆಯದು. ಚಿಪ್ ಇಟ್ಟ ಮನೆಯನ್ನೇ ‘ಒಂದು’ ಎಂದು ಎಣಿಸಲು ಶುರು ಮಾಡುವುದು. 7ರಿಂದ ಹಾಗೆ ಎಣಿಸಿದರೆ 13, 19, 25 ಬರುತ್ತವೆ. ಬೆರಳನ್ನು ಮುಂದಿನ ಮನೆಯ ಮೇಲಿಟ್ಟು ‘ಒಂದು’ ಎನ್ನಬೇಕು. ತಪ್ಪನ್ನು ದೂರದಿಂದಲೇ ಪತ್ತೆ ಹಚ್ಚಬಹುದು: 7ರ ಅಪವರ್ತ್ಯಗಳು ಬೆಸ, ಸಮ, ಬೆಸ, ಸಮ ಎಂದು ಬರಬೇಕು. ಎಲ್ಲವೂ ಬೆಸವಾಗಿದ್ದರೆ ಮಗು ಆರಾರು ಮನೆ ಜಿಗಿಯುತ್ತಿದೆ.

ಹಲಗೆಯ ದೊಡ್ಡ ಗುಟ್ಟು ಕೆಳಗಿಳಿಯುವ ಲೆಕ್ಕದಲ್ಲಿದೆ, ಯಾವ ಸೆಟ್‌ನ ಕೈಪಿಡಿಯಲ್ಲೂ ಇದು ಇರಬೇಕಿತ್ತು. ಒಂದೇ ಕಂಬಸಾಲಿನಲ್ಲಿ ಮೂರು ಮನೆ ಇಳಿದರೆ 30 ಕೂಡುತ್ತದೆ, ಅದು 3ರ ಅಪವರ್ತ್ಯ. ಹೀಗಾಗಿ 57 ಬಂದರೆ ಮೂರು ಮನೆ ಮೇಲೇರಿ 27 ನೋಡಿದರೆ ಸಾಕು. 87 ಆದರೆ ಆರು ಮನೆ ಏರಿ ಮತ್ತೆ 27. 51 ಆದರೆ 21. 7ಕ್ಕೆ ಏಳು ಮನೆ: 91ರಿಂದ ಏಳು ಮೇಲೇರಿದರೆ 21, 84ರಿಂದ 14, 98ರಿಂದ 28. ಮಗ್ಗಿಯ ಹೊರಗುಳಿದ ಸಂಖ್ಯೆಗಳೆಲ್ಲ ಹೀಗೆ ಮಗ್ಗಿಯೊಳಕ್ಕೆ ಬಂದುಬಿಡುತ್ತವೆ. ಸಮಸಂಖ್ಯೆಗಳಿಗೆ ಇನ್ನೂ ಹತ್ತಿರ: 4ಕ್ಕೆ ಎರಡೇ ಮನೆ, 6ಕ್ಕೆ ಮೂರು, 8ಕ್ಕೆ ನಾಲ್ಕು, ಏಕೆಂದರೆ 20, 30, 40 ಆಯಾ ಸಂಖ್ಯೆಗಳ ಅಪವರ್ತ್ಯಗಳೇ. ನಾಲ್ಕಾರು ದಿನ ಬೆರಳಿಟ್ಟು ಏರಿಳಿದ ಮಗು ಆಮೇಲೆ ಹಲಗೆ ಇಲ್ಲದೆಯೂ ‘91ರಲ್ಲಿ 70 ಹೋದರೆ 21’ ಎಂದು ಮನಸ್ಸಿನಲ್ಲೇ ಮಾಡುತ್ತದೆ.

ಎರಡು ಬಣ್ಣದ ಚಿಪ್‌ಗಳು ಲಸಾಅ (ಲಘುತ್ತಮ ಸಾಮಾನ್ಯ ಅಪವರ್ತ್ಯ) ಪಾಠಕ್ಕೆ ಬರುತ್ತವೆ. 4ಕ್ಕೆ ಹಳದಿ 25, 6ಕ್ಕೆ ನೀಲಿ 16 ಇಡಿ. ಎಂಟು ಮನೆಗಳಲ್ಲಿ ಎರಡೂ ಸೇರುತ್ತವೆ: 12, 24, 36 ಎಂದು 96ರವರೆಗೆ. 4 ಮತ್ತು 6ರ ಲಸಾಅ ಕೇಳಿದರೆ ಗುಣಿಸಿ 24 ಎನ್ನುವುದು ಸಾಮಾನ್ಯ ತಪ್ಪು. ಹಸಿರು ಮೊದಲು ಕಾಣುವುದು 12ರಲ್ಲಿ. ಮುಂದೆ 3 ಮತ್ತು 5ಕ್ಕೆ ಇಡಿಸಿ, ಅಲ್ಲಿ ಗುಣಲಬ್ಧ 15ರಲ್ಲೇ ಮೊದಲ ಹಸಿರು. 4 ಮತ್ತು 6ಕ್ಕೆ 2 ಸಾಮಾನ್ಯ ಅಪವರ್ತನ (ಎರಡನ್ನೂ ಶೇಷವಿಲ್ಲದೆ ಭಾಗಿಸುವ ಸಂಖ್ಯೆ), 3 ಮತ್ತು 5ಕ್ಕೆ 1 ಬಿಟ್ಟರೆ ಬೇರೆ ಇಲ್ಲ ಎಂಬ ವ್ಯತ್ಯಾಸವನ್ನು ಮಗುವೇ ಹುಡುಕಲಿ.

ಬಿಲ್ಲೆಯ ಹಿಂಬದಿ ಖಾಲಿ ಇರಬೇಕು ಎಂದದ್ದು ಎರಟೋಸ್ತನೀಸನ ಜರಡಿಗಾಗಿ, ಅಂದರೆ ಅವಿಭಾಜ್ಯ ಸಂಖ್ಯೆಗಳನ್ನು ಸೋಸಿ ತೆಗೆಯುವ ವಿಧಾನಕ್ಕಾಗಿ. ಕ್ರಿಸ್ತಪೂರ್ವ ಮೂರನೇ ಶತಮಾನದ ಈ ಗ್ರೀಕ್ ವಿದ್ವಾಂಸನ ಹೆಸರಿನಲ್ಲಿರುವ ವಿಧಾನ ಬಿಡಿ ಬಿಲ್ಲೆಗಳ ಹಲಗೆಗೆ ಹೇಳಿ ಮಾಡಿಸಿದಂತಿದೆ. 1ನ್ನು ಮಗುಚಿ. 2ನ್ನು ಉಳಿಸಿ ಅದರ ಉಳಿದ ಅಪವರ್ತ್ಯಗಳನ್ನೆಲ್ಲ ಮಗುಚಿ, 49 ಬಿಲ್ಲೆ. 3ನ್ನು ಉಳಿಸಿ ಅದರವನ್ನು ಮಗುಚಿದರೆ ಹೊಸದಾಗಿ 16. 5ಕ್ಕೆ 6. 7ಕ್ಕೆ ಮೂರೇ: 49, 77, 91. ಅಲ್ಲಿಗೆ ನಿಲ್ಲಿಸಬಹುದು, ಏಕೆಂದರೆ ಮುಂದಿನ ಅವಿಭಾಜ್ಯ 11, ಅದರ ವರ್ಗ 121 ನೂರನ್ನು ದಾಟಿದೆ. ಮೇಲ್ಮುಖವಾಗಿ 25 ಬಿಲ್ಲೆ ಉಳಿದಿರಬೇಕು. 26 ಉಳಿದಿದ್ದರೆ 91ನ್ನೋ 1ನ್ನೋ ಮರೆತಿರುವ ಸಾಧ್ಯತೆಯೇ ಹೆಚ್ಚು.

ಸೆಟ್ ಜೊತೆ ಬರುವ ಭಾಜ್ಯತೆಯ ಕಾರ್ಡುಗಳು ಈ ಸಾಮಗ್ರಿಯ ದುರ್ಬಲ ಭಾಗ. ನಿಯಮ ಅಚ್ಚಾಗಿರುತ್ತದೆ, ಕಾರಣ ಇರುವುದಿಲ್ಲ. 4ಕ್ಕೆ ಕೊನೆಯ ಎರಡು ಅಂಕಿ, 8ಕ್ಕೆ ಕೊನೆಯ ಮೂರು ಅಂಕಿ ನೋಡಿ ಎಂದರೆ ಮಗು ಎರಡನ್ನೂ ಕಲಸಿಕೊಳ್ಳುತ್ತದೆ. 100 ಎಂದರೆ 4×25, 1000 ಎಂದರೆ 8×125, ಹಾಗಾಗಿ ಅದರ ಹಿಂದಿನ ಅಂಕಿಗಳು ಲೆಕ್ಕಕ್ಕಿಲ್ಲ ಎಂದು ಒಂದು ಸಾಲು ಸೇರಿಸಿದ್ದರೆ ಸಾಕಿತ್ತು. ನೂರಕ್ಕೆ ಮುಗಿಯುವ ಹಲಗೆ ಈ ಎರಡು ನಿಯಮಗಳನ್ನು ತೋರಿಸಲಾರದು. ಕಾಗದ ಪೆನ್ಸಿಲ್ ತೆಗೆದುಕೊಳ್ಳಲೇಬೇಕು. 6ರ ಕಾರ್ಡಿನಲ್ಲಿ ‘2ರಿಂದಲೂ 3ರಿಂದಲೂ ಭಾಗವಾಗಬೇಕು’ ಎಂದು ಓದಿದ ಮಗು 8ಕ್ಕೆ 2 ಮತ್ತು 4 ಸಾಕು ಎಂದುಕೊಳ್ಳುತ್ತದೆ. 12, 20, 28 ಮೂರನ್ನೂ ತೋರಿಸಿ: 2ರಿಂದಲೂ 4ರಿಂದಲೂ ಭಾಗವಾಗುತ್ತವೆ, 8ರಿಂದ ಆಗುವುದಿಲ್ಲ. ಬಿಡಿಸಿದ ಎರಡು ಸಂಖ್ಯೆಗಳಿಗೆ 1ರ ಹೊರತು ಸಾಮಾನ್ಯ ಅಪವರ್ತನ ಇರಬಾರದು ಎಂಬ ಷರತ್ತು ಕಾರ್ಡಿನಲ್ಲಿ ಬಿಟ್ಟುಹೋಗಿರುತ್ತದೆ. 7ರ ನಿಯಮವನ್ನು ಬಹಳ ಸೆಟ್‌ಗಳು ಕೈಬಿಟ್ಟಿರುತ್ತವೆ. ಅದೇನೂ ಕಷ್ಟದ್ದಲ್ಲ: ಕೊನೆಯ ಅಂಕಿಯನ್ನು ಇಮ್ಮಡಿ ಮಾಡಿ ಉಳಿದ ಭಾಗದಿಂದ ಕಳೆಯುವುದು. 343ಕ್ಕೆ 34ರಲ್ಲಿ 6 ಹೋದರೆ 28, ಸರಿ. ಹಾಗೆ ಕಳೆಯುವುದೆಂದರೆ 343ರಿಂದ 21ರ ಮೂರರಷ್ಟು, ಅಂದರೆ 63 ತೆಗೆದು 280 ಮಾಡಿ ಸೊನ್ನೆ ಬಿಟ್ಟಂತೆ. 21 ಏಳರ ಅಪವರ್ತ್ಯವಾದ್ದರಿಂದ ಉತ್ತರ ಕೆಡುವುದಿಲ್ಲ.

ಬೇರೆ ಸಾಮಗ್ರಿಗಳ ಜೊತೆ ಹೋಲಿಸುವುದಾದರೆ, ಹತ್ತು ಹತ್ತಕ್ಕೆ ಬಣ್ಣ ಬದಲಾಗುವ ನೂರು ಮಣಿಗಳ ಗಣಿತಮಾಲೆ ಬಹಳ ಅಗ್ಗ, ಎರಡನೇ ತರಗತಿಗೆ ಹಲಗೆಗಿಂತ ಅದೇ ಸರಿ. ಮೂರು ಮೂರು ಮಣಿಗೊಂದು ಕ್ಲಿಪ್ ಹಾಕಿದರೆ ಜಿಗಿತದ ಉದ್ದ ಕೈಗೆ ಸಿಗುತ್ತದೆ. ಆದರೆ ಓರೆ ಸಾಲು, ಕಂಬಸಾಲು ಕಾಣುವುದಿಲ್ಲ. ಮಾಂಟೆಸೊರಿಯ ಮಣಿಸರಗಳು ಅಂದವಾದವು, 7ರ ಬಿಳಿ ಮಣಿಗಳ ಚಿಕ್ಕ ಸರದಲ್ಲಿ 49, ದೊಡ್ಡದರಲ್ಲಿ 343 ಮಣಿಗಳು. ಮನೆಗೆ ದುಬಾರಿ, ಶಾಲೆಗೆ ಒಪ್ಪುತ್ತದೆ. ಗೋಡೆಗೆ ಹಚ್ಚುವ ಅಚ್ಚಿನ ಚಾರ್ಟ್ ಬೇಡ. ಬೆರಳು ಮುಟ್ಟದ ಎತ್ತರದಲ್ಲಿ ತೂಗುವ ಅದರಿಂದ ಅಪವರ್ತ್ಯ ಕಲಿತವರಿಲ್ಲ.

ಹಲಗೆಯ ತಿದ್ದಲಾಗದ ಮಿತಿ ಅದರ ಹತ್ತು ಕಂಬಸಾಲು. ಆರು ಕಂಬಸಾಲಿನಲ್ಲಿ ಸಂಖ್ಯೆ ಬರೆದರೆ 6ರ ಅಪವರ್ತ್ಯಗಳೆಲ್ಲ ಕೊನೆಯ ಸಾಲಿಗೆ ಬರುತ್ತವೆ, 2 ಮತ್ತು 3 ಬಿಟ್ಟು ಉಳಿದ ಅವಿಭಾಜ್ಯಗಳೆಲ್ಲ ಒಂದನೇ ಮತ್ತು ಐದನೇ ಕಂಬಸಾಲಿನಲ್ಲಿ ಮಾತ್ರ ಇರುತ್ತವೆ. ಏಳು ಕಂಬಸಾಲಿನದು ಪ್ರತಿ ಮನೆಯಲ್ಲೂ ಇದೆ: ಗೋಡೆಯ ಕ್ಯಾಲೆಂಡರ್. ತಿಂಗಳ 7, 14, 21, 28 ಯಾವಾಗಲೂ ವಾರದ ಒಂದೇ ದಿನ ಬರುತ್ತವೆ. ಇವಕ್ಕೆ ಚೌಕುಳಿ ಪುಸ್ತಕ ಸಾಕು. ನೂರಾರು ರೂಪಾಯಿ ಖರ್ಚು ಬೇಡವೆನ್ನುವವರು ಹಂಡ್ರೆಡ್ ಬೋರ್ಡನ್ನೂ ಎ4 ಹಾಳೆಯಲ್ಲಿ 1.5 ಸೆಂಟಿಮೀಟರ್ ಚೌಕಗಳಲ್ಲಿ ಬರೆದುಕೊಳ್ಳಬಹುದು. 15 ಸೆಂಟಿಮೀಟರ್ ಚೌಕ ಹಾಳೆಯಲ್ಲಿ ಆರಾಮಾಗಿ ಹಿಡಿಸುತ್ತದೆ. ಚಿಪ್‌ಗಳ ಬದಲಿಗೆ ಹಳದಿ ಮತ್ತು ನೀಲಿ ಜೆಲಟಿನ್ ಕಾಗದವನ್ನು ಕತ್ತರಿಸಿಕೊಳ್ಳಿ, ಬಣ್ಣಕ್ಕೆ 50ರಂತೆ. ಕಾಗದದಲ್ಲಿ ಸಿಗದಿರುವುದು ಮಗುಚುವ ಜರಡಿ ಒಂದೇ. ಹತ್ತಾರು ಮಕ್ಕಳು ದಿನವೂ ಬಳಸುವ ತರಗತಿಗೆ ಮರದ್ದೇ ತರಿಸಿ, ನಾಲ್ಕು ಮಕ್ಕಳಿಗೆ ಒಂದರಂತೆ. ಬಿಲ್ಲೆ ಕಳೆದುಹೋಗುವುದು ಖಂಡಿತ, ಆದ್ದರಿಂದ ತಂದ ದಿನವೇ ದಪ್ಪ ರಟ್ಟಿನಲ್ಲಿ ಅದೇ ಅಳತೆಯ ಹತ್ತು ಖಾಲಿ ಬಿಲ್ಲೆ ಕತ್ತರಿಸಿ ಡಬ್ಬಿಯಲ್ಲಿ ಹಾಕಿಡಿ.